ಎಡಗಡೆಯ ಡೋರು

"ತಲೆ ಕಡೆಯವರು ಸ್ವಲ್ಪ ಎತ್ತಿ! ಎತ್ತಿ ಅಂದ್ರೆ! ಡೋರಿಗೆ ತಾಗುತ್ತೆ!"

ಸ್ಟ್ರೆಚರ್ ಹಿಡಿದಿದ್ದ ಆಂಬುಲೆನ್ಸಿನವರು ಗಾಬರಿಯಿಂದ ಮನೆಯ ಬಾಗಿಲನ್ನು ನೋಡಿದರು. ಬಾಗಿಲು ಬೇಕಾದಷ್ಟು ಅಗಲವಾಗಿತ್ತು. ನೋಡೋಣಪ್ಪನ ಹೆಂಡತಿ ಕೂಗಿದ್ದು ಅದಕ್ಕಲ್ಲ, ಒಳಗೆ ನಡುಮನೆಯ ಗೋಡೆಗೆ ಸಾಲಾಗಿ ಒರಗಿಸಿಟ್ಟಿದ್ದ ಕಾರಿನ ಡೋರುಗಳಿಗಾಗಿ. ಕೆನೆ ಬಣ್ಣದ್ದು, ಹಸಿರು, ನೀಲಿ, ಜೊತೆಗೆ ಅಂಗಡಿಯಿಂದ ಹೊಸದಾಗಿ ಬಂದ ಕರಿ ಬಣ್ಣದ್ದು. ಎಲ್ಲವೂ ಒಂದೇ ಜಾತಿಯ ಹಳೇ ಕಾರಿನವು, ಎಲ್ಲವೂ ಎಡಗಡೆಯ ಮುಂದಿನ ಡೋರುಗಳು. ಕಾರು ಮಾತ್ರ ಒಂದೇ. ಅದು ಅಂಗಳದಲ್ಲಿ ಟಾರ್ಪಾಲಿನ ಕೆಳಗೆ ಎಡಗಡೆ ಬೊಚ್ಚುಬಾಯಿ ಬಿಟ್ಟುಕೊಂಡು ನಿಂತಿತ್ತು.

"ಅಮ್ಮಾ, ಇವನ್ನ ಮೊದಲು ಹೊರಗೆ ಹಾಕ್ಸು," ಎಂದಳು ಮಗಳು. ಬೆಳಗಿನ ಬಸ್ಸಿಗೆ ಬಂದಿಳಿದಿದ್ದಳು, ಕಣ್ಣು ಊದಿಕೊಂಡಿತ್ತು. "ಅಪ್ಪನ್ನ ಎಲ್ಲಿ ಮಲಗಿಸೋದು? ಬಂದೋರು ಎಲ್ಲಿ ಕೂತ್ಕೋತಾರೆ?"

"ಹಾಕ್ಸು. ಹಸಿರುದನ್ನ ಬೋರಲು ಹಾಕ್ಬೇಡಿ, ಅದರಲ್ಲಿ ಗಾಜಿದೆ. ಕರೀದು ಹಗುರ, ಒಬ್ರೇ ಎತ್ಬಹುದು. ನೀಲಿಗೆ ಇಬ್ರು ಬೇಕು."

ಪಕ್ಕದ ಶೆಡ್ಡಿನ ಟಿಂಕರ್ ಓಡಿಬಂದು ಡೋರುಗಳನ್ನು ಒಂದೊಂದಾಗಿ ಹೊರಗೆ ಸಾಗಿಸಿದ. ಕಾರುಗಳ ತಗಡು ಬಡಿದು ನೇರ ಮಾಡುವುದೇ ಅವನ ಕಸುಬು. ಅವನೂ ನೋಡೋಣಪ್ಪನೂ ಆ ಕಾರಿನ ಸುತ್ತ ವರ್ಷಗಟ್ಟಲೆ ತಿರುಗಿದವರು. ಖಾಲಿಯಾದ ಗೋಡೆಯ ಪಕ್ಕ ನೋಡೋಣಪ್ಪನನ್ನು ಮಲಗಿಸಿದರು. ಹಿಂದಿನ ದಿನ ಊಟ ಮುಗಿಸಿ ಎದೆ ಹಿಡಿದುಕೊಂಡವನು ಆಸ್ಪತ್ರೆ ಬಾಗಿಲಲ್ಲೇ ಮುಗಿದುಹೋಗಿದ್ದ.

ನೋಡೋಣಪ್ಪ ಅನ್ನುವುದು ಹುಟ್ಟಿದಾಗ ಇಟ್ಟ ಹೆಸರಲ್ಲ. ನೀರು ಸರಬರಾಜಿನ ಪಂಪ್ ಹೌಸಿನಲ್ಲಿ ಜೊತೆಗಾರರು ಇಟ್ಟದ್ದು. ಏನು ಕೇಳಿದರೂ "ನೋಡೋಣಪ್ಪಾ" ಎನ್ನುತ್ತಿದ್ದ. ಚಹಾ ಬೇಕಾ ಅಂದರೆ ನೋಡೋಣ, ಸಂಘದ ಚುನಾವಣೆಗೆ ನಿಲ್ಲುತ್ತೀಯಾ ಅಂದರೆ ನೋಡೋಣ. ಪುಣ್ಯಕ್ಕೆ ಪಂಪ್ ಹೌಸಿನ ಕೆಲಸದಲ್ಲಿ ಯೋಚನೆಗೆ ಜಾಗವಿರಲಿಲ್ಲ. ಹೊತ್ತಿಗೆ ಸರಿಯಾಗಿ ವಾಲ್ವ್ ತಿರುಗಿಸಬೇಕು, ಹೊತ್ತಿಗೆ ಸರಿಯಾಗಿ ಮುಚ್ಚಬೇಕು. ಅದನ್ನು ಅವನು ಒಂದು ದಿನವೂ ತಪ್ಪಿಸಲಿಲ್ಲ. ಉಳಿದದ್ದಕ್ಕೆಲ್ಲ ಮೀನ ಮೇಷ ಎಣಿಸುತ್ತಲೇ ಬದುಕು ಸಾಗಿಸಿದ.

ಜನ ಬಂದರು, ಕುರ್ಚಿ ಹಾಕಿಕೊಂಡು ಕೂತರು. ಸತ್ತವನನ್ನು ಹೊಗಳಲು ದೊಡ್ಡ ಸಂಗತಿ ಏನೂ ಸಿಗದೆ ಅವನ ಮೀನ ಮೇಷದ ಕತೆಗಳನ್ನೇ ತೆಗೆದರು.

"ಒಂದ್ಸಲ ಚಪ್ಪಲಿ ತಗೊಳ್ಳೋಕೆ ಹೋಗಿದ್ವಿ," ಎಂದ ಪಂಪ್ ಹೌಸಿನ ಹಳೇ ಜೊತೆಗಾರ. "ಅಂಗಡಿಯೋನು ಇದ್ದಬದ್ದ ಡಬ್ಬ ಎಲ್ಲಾ ಇಳಿಸ್ದ. ಕೊನೆಗೆ ಇವನು ಹಾಕ್ಕೊಂಡು ಹೋಗಿದ್ದ ಹಳೇದನ್ನೇ ತೋರಿಸಿ, 'ಇದೇ ಪರವಾಗಿಲ್ಲ ಅಲ್ವೇನೋ' ಅಂದ. ಅಂಗಡಿಯೋನು ನನ್ನ ಮುಖ ನೋಡ್ತಾನೆ, ನಾನು ಅವನ ಮುಖ ನೋಡ್ತೀನಿ!"

"ಚಪ್ಪಲಿ ಬಿಡಿ ಸ್ವಾಮಿ," ಎಂದರು ನೋಡೋಣಪ್ಪನ ಅಣ್ಣ. ಅವರು ಯಾವ ಮನೆಗೆ ಹೋದರೂ ನಡುಕುರ್ಚಿಯಲ್ಲೇ ಕೂರುವವರು. "ಇವನ ಮದುವೇನೇ ತಗೊಳ್ಳಿ. ಮೂರು ಸಲ ಹೋಗಿ ಹುಡುಗೀನ ನೋಡಿ ಬಂದ್ವಿ. ಏನಪ್ಪಾ ಅಂದ್ರೆ ನೋಡೋಣ! ಕಡೆಗೆ ನಾನೇ ಇವನ ಪರವಾಗಿ ಹೂಂ ಅಂದೆ. ನಾನು ಗಟ್ಟಿ ಮನಸ್ಸು ಮಾಡ್ದೆ ಇದ್ದಿದ್ರೆ ಇವತ್ತಿಗೂ ನೋಡ್ತಾನೇ ಇರ್ತಿದ್ದ ಮಹಾರಾಯ."

ಸತ್ತ ಮನೆಯಲ್ಲಿ ಎಷ್ಟು ನಗಬಹುದೋ ಅಷ್ಟು ನಗು ಎದ್ದು ತಗ್ಗಿತು. ಚಹಾದ ಲೋಟ ಹಂಚುತ್ತಿದ್ದ ಹೆಂಡತಿ ಭಾವನ ಕೈಗೂ ಒಂದು ಲೋಟ ಕೊಟ್ಟು ಮುಂದಕ್ಕೆ ಹೋದಳು. ಅವಳು ಈ ಮಾತನ್ನು ಮಗಳ ಮದುವೆಯಲ್ಲಿ ಕೇಳಿದ್ದಳು, ಗಂಡನ ನಿವೃತ್ತಿಯ ದಿನ ಕೇಳಿದ್ದಳು, ನಾಲ್ಕು ಜನ ಸೇರಿದಲ್ಲೆಲ್ಲ ಕೇಳಿದ್ದಳು. ಪ್ರತಿ ಸಲವೂ ನಕ್ಕಿದ್ದಳು. ಪ್ರತಿ ಸಲವೂ ಅದು ಮುರಿದ ಮುಳ್ಳಿನ ಹಾಗೆ ಒಳಗೇ ಉಳಿದಿತ್ತು. ಈ ಮನುಷ್ಯ ತನ್ನನ್ನು ಬೇಕು ಅಂತ ಕಟ್ಟಿಕೊಂಡನೋ, ಬೇಡ ಅನ್ನಲು ಬಾಯಿ ಬಾರದೆ ಕಟ್ಟಿಕೊಂಡನೋ? ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು ಅದೊಂದನ್ನು ಅವಳು ನೇರವಾಗಿ ಕೇಳಲಿಲ್ಲ. ಇನ್ನು ಕೇಳೋಣ ಅಂದರೆ ಉತ್ತರ ಹೇಳಬೇಕಾದವನು ಬಾಯಿ ಮುಚ್ಚಿ ಮಲಗಿದ್ದ.

*

ಮೂರು ಸಲ ಬಂದದ್ದು ನಿಜ. ಮೊದಲ ಸಲ ಅವನು ಕಿಟಕಿಯನ್ನೇ ನೋಡುತ್ತ ಕೂತಿದ್ದ. ಎರಡನೆಯ ಸಲ ಅವಳೇ ಹತ್ತಿರ ಹೋಗಿ, "ಕುಡಿಯೋಕೆ ನೀರು ಬೇಕಾ?" ಎಂದು ಕೇಳಿದಳು. "ನೋಡೋಣ," ಎಂದ. ಅವಳಿಗೆ ನಗು ತಡೆಯಲಾಗಲಿಲ್ಲ, ಒಳಗೆ ಓಡಿದಳು. ಮೂರನೆಯ ಸಲ ಅಣ್ಣನೇ ತೀರ್ಮಾನ ಹೇಳಿ ಎದ್ದರು. ಅವನು ಹಿಂದಿನಿಂದ ಎದ್ದ.

ಅವಳದ್ದೋ ಒಂದೇ ಏಟಿಗೆ ಎರಡು ತುಂಡು ಅನ್ನುವ ಸ್ವಭಾವ. ಮನೆ ಬಾಡಿಗೆಗೆ ಹಿಡಿದದ್ದು ಅವಳು, ಮಗಳನ್ನು ಯಾವ ಶಾಲೆಗೆ ಹಾಕಬೇಕು ಅಂದದ್ದು ಅವಳು, ಗೋಡೆಗೆ ಯಾವ ಬಣ್ಣ ಅಂದದ್ದೂ ಅವಳೇ. ಅವನು ತಲೆಯಾಡಿಸಿ ವಾಲ್ವ್ ತಿರುಗಿಸಲು ಹೋಗುತ್ತಿದ್ದ.

ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಅವನು ಶೂ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಇವಳೇ, ಹಾಗೇ ಒಂದು ಸುತ್ತು ಹೋಗ್ಬರೋಣ್ವಾ?"

"ಯಾಕೆ? ಏನು ಕೆಲಸ ಇದೆ?"

ಕೆಲಸ ಏನೂ ಇರಲಿಲ್ಲ. ಅವನು ಸ್ವಲ್ಪ ಹೊತ್ತು ನಿಂತು, ಶೂ ಬಿಚ್ಚಿ ಮೂಲೆಯಲ್ಲಿಟ್ಟು ಪೇಪರು ಓದುತ್ತ ಕೂತ. ಅವಳು ಪಾತ್ರೆ ತೊಳೆದಳು. ಆಮೇಲೆ ಅವನು ಹಾಗೆ ಕರೆಯಲಿಲ್ಲ. ಕರೆಯಲಿಲ್ಲ ಅನ್ನುವುದು ಅವಳ ಗಮನಕ್ಕೂ ಬರಲಿಲ್ಲ.

*

ಮಧ್ಯಾಹ್ನದ ಬಿಸಿಲಿನಲ್ಲಿ ಮಣ್ಣು ಮಾಡಿದರು. ಗುಂಡಿ ತೋಡಿದವನು ಎರಡು ಜಾಗ ತೋರಿಸಿ, ಮರದ ಕೆಳಗೋ ಗೋಡೆ ಪಕ್ಕವೋ ಎಂದು ಮೊದಲೇ ಕೇಳಿದ್ದ. "ಮರದ ಕೆಳಗೆ ಬೇಡ, ಬೇರು ಅಡ್ಡ ಬರುತ್ತೆ. ಗೋಡೆ ಪಕ್ಕ," ಎಂದಿದ್ದಳು ಹೆಂಡತಿ. ಹಿಡಿ ಮಣ್ಣು ಹಾಕುವಾಗ ಮಗಳು ಬಿಕ್ಕಿದಳು. ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ಅವಳಿಗೆ ಅಳು ಬರಲಿಲ್ಲ. ಬರಬೇಕಿತ್ತು ಅಂತ ಅವಳಿಗೂ ಅನ್ನಿಸಿತು. ಆದರೆ ತಲೆಯಲ್ಲಿ ಹೋದ ಭಾನುವಾರದ ಬಸ್ಸು ಓಡುತ್ತಿತ್ತು, ಅದು ನಿಲ್ಲಲೊಲ್ಲದು.

*

ಕಾರು ಪಂಪ್ ಹೌಸಿನ ಹಳೇ ಇಂಜಿನಿಯರರದು. ಮರದ ಕೆಳಗೆ ನಿಂತು ನಿಂತು ಕೊಳೆತದ್ದನ್ನು ಅವರು ನಿವೃತ್ತಿಯ ಉಡುಗೊರೆ ಎನ್ನುತ್ತ ನೋಡೋಣಪ್ಪನ ತಲೆಗೆ ಕಟ್ಟಿ ಕೈತೊಳೆದುಕೊಂಡರು. ಟಿಂಕರ್ ಸುತ್ತ ಬಂದು ಬಡಿದು ನೋಡಿದ. ಮಡ್‌ಗಾರ್ಡು ತೇಪೆ ಹಾಕಿದರೆ ಸಾಕು, ನೆಲದ ತಗಡು ಹೊಸದು ಹಾಕಬಹುದು, ಆದರೆ ಕೊಂಬೆಯಿಂದ ನೀರು ತೊಟ್ಟಿಕ್ಕಿದ ಎಡಗಡೆಯ ಡೋರು ಬೆರಳು ಒತ್ತಿದರೆ ಉದುರುತ್ತಿತ್ತು. "ಇದು ಕೈಬಿಟ್ಟ ಕೇಸು. ಬೇರೆ ಡೋರ್ ನೋಡಿ ಅಣ್ಣ. ಹಳೇ ಕಾರಿಂದಾದ್ರೆ ಒರಿಜಿನಲ್ ತಗಡು, ಗಟ್ಟಿ. ಹೊಸದು ಪ್ರೆಸ್ ಮಾಡಿದ್ದೂ ಸಿಗುತ್ತೆ, ನೋಡೋಕೆ ಚೆಂದ, ಕೂರೋದು ಮಾತ್ರ ಅದರಿಷ್ಟ," ಎಂದ.

ಆ ಶನಿವಾರ ರಾತ್ರಿ ಊಟಕ್ಕೆ ಕೂತಾಗ ನೋಡೋಣಪ್ಪ ಹೇಳಿದ: "ಇವಳೇ, ನಾಳೆ ಗುಜರಿಗೆ ಹೋಗಿ ಡೋರ್ ನೋಡ್ಬೇಕು. ನಾನೊಬ್ಬನೇ ಹೋದ್ರೆ ಟೋಪಿ ಹಾಕ್ತಾರೆ. ನೀನೂ ಬಾ."

ಇದು ಕೆಲಸ. ಕೆಲಸ ಅಂದ ಮೇಲೆ ಅವಳು ಹಿಂದೆಮುಂದೆ ನೋಡುವವಳಲ್ಲ. ಬೆಳಗಾಗುತ್ತಲೇ ಸೆರಗು ಸಿಕ್ಕಿಸಿ ಹೊರಟಳು. ಮೊದಲ ದಿನವೇ ಕೆನೆ ಬಣ್ಣದ ಡೋರು ಸಿಕ್ಕಿತು, ಇಬ್ಬರೂ ಬಸ್ಸಿನ ತಲೆಯ ಮೇಲೆ ಹಾಕಿಸಿಕೊಂಡು ತಂದರು. ನಾಲ್ಕು ದಿನ ಬಿಟ್ಟು ಅವನು ಬಂದು, "ಕೀಲು ಕೂಡ್ತಾ ಇಲ್ವಂತೆ ಕಣೇ," ಎಂದ. "ಅಳತೆ ತಗೊಳ್ದೆ ತಂದ್ರೆ ಇನ್ನೇನಾಗುತ್ತೆ," ಎಂದು ಅವಳು ಬೈದು, ಮುಂದಿನ ಭಾನುವಾರ ತಾನೇ ಟೇಪು ಹಿಡಿದಳು.

ಆಮೇಲೆ ಭಾನುವಾರಗಳಿಗೆ ಲೆಕ್ಕವಿಲ್ಲ. ಊರಾಚೆಯ ಗುಜರಿಗಳು, ಪಕ್ಕದೂರಿನ ಗುಜರಿಗಳು, ಎರಡು ಬಸ್ಸು ಬದಲಿಸಿ ಹೋಗುವ ಗುಜರಿಗಳು. ಅವಳ ಚೀಲದಲ್ಲಿ ಕರ್ಚೀಫಿನಲ್ಲಿ ಸುತ್ತಿದ ಒಂದು ಮ್ಯಾಗ್ನೆಟ್. ಅದನ್ನು ಡೋರಿನ ಮೇಲೆ ಓಡಿಸಿದರೆ ತಗಡಿದ್ದಲ್ಲಿ ಕಚ್ಚುತ್ತದೆ, ತುಕ್ಕು ಮುಚ್ಚಲು ಪುಟ್ಟಿ ಮೆತ್ತಿದ್ದರೆ ಜಾರುತ್ತದೆ. ಅಂಗಡಿಯವರು ಅವಳನ್ನು ದೂರದಲ್ಲಿ ಕಂಡರೇ, "ಬಂದ್ರಪ್ಪಾ ಮ್ಯಾಗ್ನೆಟ್ ಅಮ್ಮ," ಎಂದು ಒಳ್ಳೆಯ ಮಾಲನ್ನು ಮುಂದೆ ತರುತ್ತಿದ್ದರು. ನೀಲಿ ಡೋರು ಅಲ್ಲಿ ಕಂಡಾಗ ಎಷ್ಟು ಹೊಳೆಯುತ್ತಿತ್ತೆಂದರೆ, ಮ್ಯಾಗ್ನೆಟ್ ಹಾಕುವುದನ್ನೇ ಮರೆತು ಮನೆಗೆ ತಂದರು. ಮನೆಯಲ್ಲಿ ಹಾಕಿದಾಗ ಮ್ಯಾಗ್ನೆಟ್ ಸರ್ರನೆ ಜಾರಿ ಅವನ ಕಾಲಿನ ಮೇಲೆ ಬಿತ್ತು. ಅವನು ಕುಣಿದದ್ದು ನೋಡಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಸಿರಿನದು ನಂತರದ ವರ್ಷದ ಮಾದರಿ, ಹಿಡಿಕೆಯ ಜಾಗವೇ ಬೇರೆ. ಹೊಸ ಕರಿ ಡೋರಿನ ಮೈಮೇಲಿನ ಗೆರೆ ಪಕ್ಕದ ಮಡ್‌ಗಾರ್ಡಿನ ಗೆರೆಗೆ ಏನು ಮಾಡಿದರೂ ಸೇರಲಿಲ್ಲ.

ಗುಜರಿ ಸುತ್ತಿದ ಮೇಲೆ ತಗಡಿನ ಸೂರಿನ ಯಾವುದಾದರೂ ಅಂಗಡಿಯಲ್ಲಿ ಚಹಾ, ಬನ್ನು. ಅವನು ಬನ್ನನ್ನು ಮುರಿದು ದೊಡ್ಡ ಚೂರನ್ನು ಅವಳ ಕಡೆ ತಳ್ಳುತ್ತಿದ್ದ. ಪಂಪ್ ಹೌಸಿನ ಕತೆ, ತನ್ನ ತಾಯಿಯ ಕತೆ, ಚಿಕ್ಕಂದಿನಲ್ಲಿ ಕೆರೆಯಲ್ಲಿ ಮುಳುಗಿ ಬದುಕಿದ ಕತೆ, ಸಂಸಾರದ ಅಷ್ಟು ವರ್ಷಗಳಲ್ಲಿ ಬಾಯಿಬಿಡದ್ದನ್ನೆಲ್ಲ ಅಲ್ಲಿ ಹೇಳಿದ.

ಹೋದ ಭಾನುವಾರ ಬರಿಗೈಲಿ ವಾಪಸಾಗುವಾಗ ಅವಳ ಕಾಲು ನೋಯುತ್ತಿತ್ತು. ಬಸ್ಸಿನಲ್ಲಿ ಸೀಟು ಸಿಕ್ಕ ಮೇಲೆ ಬಾಯಿಂದ ಮಾತು ಜಾರಿತು: "ನಾಲ್ಕು ಡೋರಲ್ಲಿ ಒಂದನ್ನ ಆರಿಸೋಕೆ ಆಗಲ್ಲ ನಿಮಗೆ. ಇನ್ನು ನನ್ನನ್ನೇನು ಆರಿಸ್ತಿದ್ರಿ! ಭಾವ ಹೇಳೋದೇ ಸರಿ."

ತಮಾಷೆಗೆ ಅಂದದ್ದು. ಪೂರ್ತಿ ತಮಾಷೆಗಲ್ಲ. ಅವನು ಏನೋ ಹೇಳಲು ಬಾಯಿ ತೆರೆದವನು ಹಾಗೇ ಕಿಟಕಿಯ ಕಡೆ ತಿರುಗಿಕೊಂಡ. ಮುಂದಿನ ಭಾನುವಾರ ಬರುವಷ್ಟರಲ್ಲಿ ಅವನೇ ಇರಲಿಲ್ಲ.

*

ಮಣ್ಣು ಮುಗಿಸಿ ಬಂದವರು ಒಬ್ಬೊಬ್ಬರಾಗಿ ಹೊರಟರು. ಬಾಡಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಆಯಿತು. ಟಿಂಕರ್ ಡೋರುಗಳನ್ನು ಮತ್ತೆ ಒಳಗೆ ತರಲು ಕೈಹಾಕಿದಾಗ ಮಗಳು ತಡೆದಳು.

"ಬೇಡ, ಒಳಗೆ ತರಬೇಡಿ. ಅಮ್ಮ ಒಬ್ಬಳೇ ಈ ತಗಡುಗಳ ಮಧ್ಯೆ ಹೇಗಿರ್ತಾಳೆ?"

"ಗುಜರಿಯಿಂದ ಬಂದಿದ್ದು ಗುಜರಿಗೆ ಹೋಗ್ಲಿ," ಎಂದರು ಭಾವ. "ಕಾರೂ ಸೇರಿಸಿ."

"ಕಾರ್ ಯಾಕೆ ದೊಡ್ಡಪ್ಪ? ಒಂದು ಡೋರ್ ಹಾಕ್ಸಿದ್ರೆ ಮುಗೀತು. ಅಪ್ಪನ ಆಸೆ ಅದು. ಅವರ ಕೈಲಿ ಆಗಲಿಲ್ಲ, ನಾವಾದ್ರೂ ಇವತ್ತು ಒಂದನ್ನ ಗೊತ್ತು ಮಾಡಿ, ಉಳಿದಿದ್ದು ಸಾಗಿಸಿಬಿಡೋಣ." ಅವಳ ದನಿಯಲ್ಲಿ ತಾಯಿಯ ಗತ್ತೇ ಇತ್ತು. ಅಷ್ಟರಲ್ಲಿ ಕೊನೆಯ ನೆಂಟರು ಗೇಟಿನ ಬಳಿ ಕರೆದರು. ದೊಡ್ಡಪ್ಪ, ಮಗಳು ಇಬ್ಬರೂ ಅವರನ್ನು ಬಸ್ಸಿಗೆ ಹತ್ತಿಸಿ ಬರಲು ಹೋದರು.

ಅಂಗಳದಲ್ಲಿ ಹೆಂಡತಿ, ಟಿಂಕರ್ ಇಬ್ಬರೇ ಉಳಿದರು. ಅವಳು ಕಾರಿನ ಟಾರ್ಪಾಲು ಸರಿಸಿ, ಸಾಲಾಗಿ ಒರಗಿದ್ದ ಡೋರುಗಳನ್ನು ನೋಡಿದಳು.

"ನೀನೇ ಹೇಳಪ್ಪ. ಇದರಲ್ಲಿ ಯಾವುದಾಗುತ್ತೆ?"

ಟಿಂಕರ್ ತಲೆ ಕೆರೆದುಕೊಂಡ. "ಕೆನೇದು."

"ಅದರ ಕೀಲು ಕೂಡಲ್ಲ ಅಂದಿದ್ಯಲ್ಲ."

"ನಾನೆಲ್ಲಿ ಅಂದೆ ಅಕ್ಕ?" ಎಂದವನು ಮಾತು ಜಾರಿತಲ್ಲ ಅನ್ನುವಂತೆ ತುಟಿ ಕಚ್ಚಿಕೊಂಡ. ಅವಳು ಅವನನ್ನು ಬಿಡುವವಳಲ್ಲ. ಎರಡು ಕೈ ಸೊಂಟದ ಮೇಲಿಟ್ಟುಕೊಂಡು ನಿಂತಳು.

"ಹೋದೋರ ಮೇಲೆ ಆಣೆ ಹಾಕ್ಬೇಕಾ, ಹಾಗೇ ಹೇಳ್ತೀಯಾ?"

"ಯಾರಿಗೂ ಹೇಳ್ಬೇಡ ಅಂದಿದ್ರು ಅಕ್ಕ." ಅವನು ಕಾರಿನ ಚಾವಣಿಯ ಮೇಲೆ ಕೈಯೂರಿದ. "ನೀವಿಬ್ರೂ ತಂದ ಮೂರನೇ ದಿನಾನೇ, ಕಾರು ಇನ್ನೂ ನನ್ನ ಶೆಡ್ಡಲ್ಲಿದ್ದಾಗ, ಹಾಕಿ ನೋಡ್ದೆ. ಹೇಳಿ ಮಾಡಿಸಿದ ಹಾಗೆ ಕೂತ್ಕೊಳ್ತು. ನನ್ನ ಸರ್ವೀಸಲ್ಲೇ ಹಾಗೆ ಕೂತಿದ್ದು ಕಂಡಿರಲಿಲ್ಲ. ಅಣ್ಣ ತೆಗೆದ್ರು, ಹಾಕಿದ್ರು, ತೆಗೆದ್ರು, ಹಾಕಿದ್ರು, ಮಗು ಥರ ಖುಷಿ. ಆಮೇಲೆ ಇದ್ದಕ್ಕಿದ್ದ ಹಾಗೆ ಮುಖ ಸಪ್ಪಗೆ ಮಾಡ್ಕೊಂಡು, ಬಿಚ್ಚಿಬಿಡೋ ಅಂದ್ರು. ನಂಗೆ ತಲೆ ಕೆಟ್ಟೋಯ್ತು. ಯಾಕಣ್ಣ, ಏನು ಕಮ್ಮಿ ಆಗಿದೆ ಅಂದೆ."

"ಏನಂದ್ರು?"

"'ಇದನ್ನ ಹಾಕ್ಬಿಟ್ರೆ ಮುಗೀತಲ್ಲೋ. ಬರೋ ಭಾನುವಾರ ಅವಳನ್ನ ಏನಂತ ಕರೀಲಿ?' ಅಂದ್ರು."

ಅವಳು ಸೊಂಟದ ಮೇಲಿನ ಕೈ ಇಳಿಸಿದಳು.

"'ಸುಮ್ನೆ ಬಾ ಅಂದ್ರೆ ಬರೋಳಲ್ಲ, ಕೆಲಸ ಇದೆ ಅಂದ್ರೆ ಮಾತ್ರ ಬರ್ತಾಳೆ. ಡೋರ್ ಸಿಕ್ಕಿಲ್ಲ ಅಂತಾನೇ ಇರ್ಲಿ' ಅಂದ್ರು. ನಾನು ಆಡ್ಕೊಂಡೆ ಕೂಡ, ಇಷ್ಟು ವಯಸ್ಸಾದ್ಮೇಲೆ ಕಟ್ಕೊಂಡ ಹೆಂಡ್ತೀನ ಕರ್ಕೊಂಡು ಹೋಗೋಕೆ ಇಂಥ ನಾಟಕ ಯಾಕಣ್ಣ ಅಂತ. ನೆಟ್ಟಗೆ ಕೇಳ್ಬಾರದಾ ಅಂದೆ. 'ಒಂದ್ಸಲ ಕೇಳಿದ್ದೆ ಕಣೋ' ಅಂದ್ರು."

ಅವಳಿಗೆ ಮೊದಲು ಬಂದದ್ದು ಸಿಟ್ಟು. "ಹಾಳಾದ ಮನುಷ್ಯ! ಬಿಸಿಲಲ್ಲಿ ಅಷ್ಟೂರು ಸುತ್ತಿಸಿದ್ನಲ್ಲ ನನ್ನ! ಕಾಲು ನೋವು ಅಂತ ಅತ್ತಿದ್ದೀನಿ. ಒಂದು ಮಾತು ಹೇಳೋಕೆ ಏನಾಗಿತ್ತು ಅವರಿಗೆ?"

"ನಿಮ್ಮ ಭಯ ಅಕ್ಕ," ಎಂದ ಟಿಂಕರ್, ಸುಳ್ಳು ಹೇಳಲು ತೋಚದೆ.

ಅವಳು ನಕ್ಕಳು. ನಗುತ್ತಿದ್ದಂತೆ ಬೆಳಗಿನಿಂದ ಬಾರದ ಅಳು ಒಮ್ಮೆಲೇ ನುಗ್ಗಿ ಬಂತು. ಕಾರಿನ ಹೊಸಿಲ ತಗಡಿನ ಮೇಲೆ, ಡೋರು ಇರಬೇಕಾದ ಜಾಗದಲ್ಲಿ ಕುಸಿದು ಕೂತು, ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಬಸ್ಸಿನ ಕಿಟಕಿಯ ಕಡೆ ತಿರುಗಿಕೊಂಡ ಆ ಮುಖವನ್ನು ಹಿಡಿದು ಇತ್ತ ತಿರುಗಿಸಿಕೊಳ್ಳಬೇಕಿತ್ತು ಅನ್ನಿಸಿತು. ಟಿಂಕರ್ ಪಾಪ, ಎಲ್ಲಿ ನೋಡಬೇಕೋ ತಿಳಿಯದೆ ಸ್ಪ್ಯಾನರುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುತ್ತ ನಿಂತ.

ಗೇಟು ಸದ್ದಾದಾಗ ಅವಳು ಕಣ್ಣೊರೆಸಿಕೊಂಡು ಎದ್ದಳು.

"ಗೊತ್ತಾಯ್ತಾ ಯಾವ್ದು ಅಂತ?" ಎನ್ನುತ್ತ ಬಂದಳು ಮಗಳು. ಟಿಂಕರ್ ತಾಯಿಯ ಕಡೆ ನೋಡಿದ. ಅವಳು ಸೆರಗು ಸರಿಮಾಡಿಕೊಂಡಳು. "ಕೆನೇದನ್ನ ಹಾಕಿ ನೋಡೋಣ," ಎಂದು ಮಗಳೇ ಹತ್ತಿರವಿದ್ದದ್ದನ್ನು ತೋರಿಸಿದಳು. ಭಾವ ಒಂದು ಕಡೆ, ಮಗಳು ಒಂದು ಕಡೆ ಎತ್ತಿ ಹಿಡಿದರು. ಟಿಂಕರ್ ಮೇಲಿನ ಕೀಲಿಗೆ ಬೋಲ್ಟು ತೂರಿಸಿದ, ಕೆಳಗಿನದಕ್ಕೆ ತೂರಿಸಿದ, ಮೆಲ್ಲಗೆ ತಳ್ಳಿದ. ಡೋರು ಮುಚ್ಚಿಕೊಂಡಿತು. ಬಡಿದ ಸದ್ದೂ ಇಲ್ಲ, ಕಿರುಗುಟ್ಟಿದ ಸದ್ದೂ ಇಲ್ಲ.

"ನೋಡಿದ್ರಾ!" ಭಾವ ಅಂಗೈ ಒರೆಸಿಕೊಂಡರು. "ಒಬ್ರು ಮುಂದೆ ನಿಂತು ಹೂಂ ಅಂದ್ರೆ ಆಗೋ ಕೆಲಸ. ಇಷ್ಟಕ್ಕೆ ವರ್ಷಗಟ್ಟಲೆ ಒದ್ದಾಡ್ದ ಪುಣ್ಯಾತ್ಮ. ಅವನಿಗೆ ಯಾವತ್ತು ತಾನೇ ಆರಿಸೋಕೆ ಬಂದಿತ್ತು!"

"ಅಮ್ಮಾ, ಇದನ್ನೇ ಬಿಗಿ ಮಾಡ್ಸಿ ಬಣ್ಣಕ್ಕೆ ಕೊಟ್ಬಿಡ್ಲಾ?"

ಅವಳು ಹತ್ತಿರ ಬಂದಳು. ಡೋರು ತೆರೆದಳು, ಮುಚ್ಚಿದಳು. ಇನ್ನೊಮ್ಮೆ ತೆರೆದು, ಇನ್ನೊಮ್ಮೆ ಮುಚ್ಚಿದಳು. ಸುತ್ತಲಿನ ಸಂದಿಯ ಮೇಲೆ ಬೆರಳಾಡಿಸಿದಳು.

"ಇದು ಬೇಡ," ಎಂದಳು. "ಕೆಳಗಡೆ ಉಜ್ಜುತ್ತೆ."

"ಎಲ್ಲಿ ಉಜ್ಜುತ್ತೆ? ಬೆಣ್ಣೆ ಹಾಗೆ ಮುಚ್ಕೊಳ್ತಲ್ಲ!" ಎಂದರು ಭಾವ.

"ಉಜ್ಜುತ್ತೆ ಭಾವ. ಬರೋ ಭಾನುವಾರ ಬೇರೆ ನೋಡ್ಬೇಕು."

ಟಿಂಕರ್ ಜೇಬಿನಿಂದ ಬೀಡಿ ಪೊಟ್ಟಣ ತೆಗೆದು ಅದರ ರಟ್ಟಿನ ಒಂದು ಚೂರು ಹರಿದ. ನೆಲಕ್ಕೆ ಮಂಡಿಯೂರಿ, ಡೋರಿನ ತಳದ ಸಂದಿಗೆ ಆ ರಟ್ಟನ್ನು ತೂರಿಸಿ, ಈ ತುದಿಯಿಂದ ಆ ತುದಿಗೆ ಎಳೆದ. ರಟ್ಟು ಎಲ್ಲೂ ತಡೆಯದೆ, ಎಲ್ಲೂ ಬಾಗದೆ ಸಲೀಸಾಗಿ ಹೋಗಿ ಆಚೆ ಕಡೆ ಹೊರಬಂತು. ಅವನು ತಲೆಯೆತ್ತಿ ಅವಳ ಮುಖ ನೋಡಿದ. ಆಮೇಲೆ ರಟ್ಟನ್ನು ಮಡಚಿ ಜೇಬಿಗೆ ಹಾಕಿಕೊಂಡ.

"ಹೌದು ಯಜಮಾನ್ರೇ, ಉಜ್ಜುತ್ತೆ," ಎಂದು ಭಾವನಿಗೆ ಹೇಳಿ, ಮೇಲಿನ ಕೀಲಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದ.